652 ಸೇವ್‌ಗಳೋ, 310 ಸೇವ್‌ಗಳೋ: ಬೇರೆ ಬೇರೆ ಕಾಲದ ರಿಲೀಫ್ ಪಿಚರ್‌ಗಳನ್ನು ತೂಗುವ ಬಗೆ

ಪ್ರಶ್ನೆ: ಇಪ್ಪತ್ತು ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದೇನೆ. ಕ್ರಿಕೆಟ್ ನೋಡಿ ಬೆಳೆದ ನನಗೆ ಬೇಸ್‌ಬಾಲಿನ ರುಚಿ ಹತ್ತಿಸಿದವನು ಮಗ. ಯಾಂಕೀಸ್ ತಂಡದ ಮರಿಯಾನೊ ರಿವೆರಾ ಅವರಿಗೆ 652 ಸೇವ್‌ಗಳಿವೆ, ಆದ್ದರಿಂದ ಅವರಿಗೆ ಸರಿಸಾಟಿಯೇ ಇಲ್ಲ ಎಂಬುದು ಅವನ ವಾದ. ನಿವೃತ್ತಿಯ ಅಂಚಿನಲ್ಲಿರುವ ನನ್ನ ಅಮೆರಿಕನ್ ಸಹೋದ್ಯೋಗಿಯೊಬ್ಬರು ಇದನ್ನು ಒಪ್ಪುವುದಿಲ್ಲ. ರಿವೆರಾ ಎಸೆದದ್ದು ಒಂದೊಂದೇ ಇನಿಂಗ್ಸ್, ಗೂಸ್ ಗೊಸೇಜ್ ಎರಡು ಮೂರು ಇನಿಂಗ್ಸ್ ಎಸೆಯುತ್ತಿದ್ದರು ಎನ್ನುತ್ತಾರೆ. ಗೊಸೇಜ್ ಅವರ ಸೇವ್‌ಗಳಾದರೋ 310 ಮಾತ್ರ. ಇಬ್ಬರಲ್ಲಿ ಯಾರ ಮಾತು ಸರಿ? ಟ್ರೆವರ್ ಹೋಫ್‌ಮನ್, ಹೋಯ್ಟ್ ವಿಲ್ಹೆಲ್ಮ್ ಮೊದಲಾದವರನ್ನು ಇವರೊಡನೆ ಹೇಗೆ ಹೋಲಿಸಬೇಕು?

ಉತ್ತರ: ನಿಮ್ಮ ಮಗ ತಲುಪಿರುವ ತೀರ್ಮಾನ ಸರಿ, ಆದರೆ ಅದಕ್ಕೆ ಆತ ಕೊಡುವ ಕಾರಣ ದುರ್ಬಲ, ನಿಮ್ಮ ಸಹೋದ್ಯೋಗಿಯದು ಇದಕ್ಕೆ ತದ್ವಿರುದ್ಧ, ಅವರ ಕಾರಣದಲ್ಲಿ ಹುರುಳಿದೆ, ತೀರ್ಮಾನದಲ್ಲಿ ಇಲ್ಲ. ಇದನ್ನು ವಿವರಿಸಲು ಮೊದಲು ‘ಸೇವ್’ ಎಂಬ ಲೆಕ್ಕವನ್ನೇ ಬಿಡಿಸಿ ನೋಡಬೇಕಾಗುತ್ತದೆ, ಏಕೆಂದರೆ ಗೊಂದಲವೆಲ್ಲ ಹುಟ್ಟುವುದು ಅಲ್ಲಿಂದಲೇ.

ಪಂದ್ಯ ಆರಂಭಿಸಿದ ಪಿಚರ್ (ಚೆಂಡು ಎಸೆಯುವವರು) ದಣಿದಾಗ ಅಥವಾ ಹೊಡೆಸಿಕೊಳ್ಳತೊಡಗಿದಾಗ ಅವರ ಜಾಗಕ್ಕೆ ಬರುವವರು ರಿಲೀಫ್ ಪಿಚರ್. ಒಂಬತ್ತು ಇನಿಂಗ್ಸ್‌ಗಳ, ಇನಿಂಗ್ಸಿಗೆ ಮೂರು ಔಟ್‌ಗಳ ಈ ಆಟದಲ್ಲಿ ಇವರ ಕೆಲಸವನ್ನು ಅಳೆಯುವ ಅಂಕಿಯೇ ಬಹುಕಾಲ ಇರಲಿಲ್ಲ. 1959ರಲ್ಲಿ ಪಿಟ್ಸ್‌ಬರ್ಗ್ ತಂಡದ ರಿಲೀಫ್ ಪಿಚರ್ ಎಲ್ರಾಯ್ ಫೇಸ್ 18 ಗೆಲುವು, ಒಂದೇ ಸೋಲು ಎಂಬ ಸಾಧನೆಯಿಂದ ಹೆಸರಾದಾಗ, ಷಿಕಾಗೊದ ಕ್ರೀಡಾ ವರದಿಗಾರ ಜೆರೋಮ್ ಹೋಲ್ಟ್ಸ್‌ಮನ್ ಅವರಿಗೆ ಅದು ಸರಿಕಾಣಲಿಲ್ಲ. ಕೈಯಲ್ಲಿದ್ದ ಮುನ್ನಡೆಯನ್ನು ಫೇಸ್ ಅವರೇ ಕಳೆದು, ಆಮೇಲೆ ತಂಡದ ಬ್ಯಾಟರ್‌ಗಳು ರನ್ ಗಳಿಸಿ ಕೊಟ್ಟದ್ದರಿಂದ ಅವರ ಖಾತೆಗೆ ಬಂದ ಗೆಲುವುಗಳೂ ಆ ಹದಿನೆಂಟರಲ್ಲಿ ಇದ್ದವು. ಮುನ್ನಡೆಯನ್ನು ಕಾಯ್ದವರಿಗೆ ಅದರ ಶ್ರೇಯ ಸಲ್ಲಲಿ ಎಂದು ಹೋಲ್ಟ್ಸ್‌ಮನ್ ರೂಪಿಸಿದ ಲೆಕ್ಕವೇ ಸೇವ್. 1969ರಲ್ಲಿ ಅದು ಅಧಿಕೃತವಾಯಿತು, ಮುಂದಿನ ಕೆಲವು ವರ್ಷಗಳಲ್ಲಿ ನಿಯಮ ಅಷ್ಟಿಷ್ಟು ಬದಲಾಯಿತು. ಈಗಿನ ನಿಯಮದಂತೆ, ಗೆದ್ದ ತಂಡದ ಪರವಾಗಿ ಕೊನೆಯ ಔಟ್‌ವರೆಗೂ ಎಸೆದ ರಿಲೀಫ್ ಪಿಚರ್, ಗೆಲುವು ಸ್ವತಃ ತಮ್ಮ ಹೆಸರಿಗೆ ಬಂದಿಲ್ಲದಿದ್ದರೆ, ಮೂರು ರನ್ ಅಥವಾ ಅದಕ್ಕೂ ಕಡಿಮೆ ಮುನ್ನಡೆಯಿದ್ದಾಗ ಬಂದು ಒಂದು ಇನಿಂಗ್ಸಾದರೂ ಎಸೆದರೆ ಸೇವ್ ಸಿಗುತ್ತದೆ. ಪಂದ್ಯವನ್ನು ಸಮ ಮಾಡಬಲ್ಲ ಎದುರಾಳಿ ಬೇಸ್ (ರನ್ ಪೂರೈಸಲು ಓಡಿ ದಾಟಬೇಕಾದ ನಿಲ್ದಾಣ) ಮೇಲೋ ಬ್ಯಾಟ್ ಹಿಡಿದೋ ಮುಂದಿನ ಸರದಿಯಲ್ಲೋ ಇದ್ದಾಗ ಬಂದರೂ ಸಿಗುತ್ತದೆ. ಮುನ್ನಡೆ ಎಷ್ಟೇ ಇರಲಿ, ಮೂರು ಇನಿಂಗ್ಸ್ ಚೆನ್ನಾಗಿ ಎಸೆದು ಮುಗಿಸಿದರೂ ಸಿಗುತ್ತದೆ.

ಈ ನಿಯಮದ ಬಾಯಿ ಎಷ್ಟು ಅಗಲವಾಗಿದೆ ಎಂಬುದನ್ನು ಗಮನಿಸಿ. ಒಂಬತ್ತನೆಯ ಇನಿಂಗ್ಸಿನ ಆರಂಭ, ಬೇಸ್‌ಗಳು ಖಾಲಿ, ಮೂರು ರನ್‌ಗಳ ಮುನ್ನಡೆ. ಪಿಚರ್ ಎರಡು ರನ್ ಬಿಟ್ಟುಕೊಟ್ಟು ಹೇಗೋ ಮುಗಿಸಿದರೂ ಒಂದು ಸೇವ್. ಇದರ ಪಕ್ಕದಲ್ಲಿ 1978ರ ಅಕ್ಟೋಬರ್ 2ರಂದು ಬಾಸ್ಟನ್‌ನ ಫೆನ್‌ವೇ ಪಾರ್ಕಿನಲ್ಲಿ ಗೊಸೇಜ್ ಮಾಡಿದ ಕೆಲಸವನ್ನು ಇಟ್ಟು ನೋಡಿ. ಯಾಂಕೀಸ್ ಮತ್ತು ರೆಡ್ ಸಾಕ್ಸ್ ಇಡೀ ಋತುವಿನ ಕೊನೆಗೆ 99 ಗೆಲುವುಗಳೊಡನೆ ಸಮನಾಗಿ ನಿಂತಿದ್ದವು. ಯಾರು ಮುಂದಕ್ಕೆ ಹೋಗಬೇಕು ಎಂಬುದನ್ನು ಆ ಒಂದೇ ಪಂದ್ಯ ತೀರ್ಮಾನಿಸಬೇಕಿತ್ತು. ಏಳನೆಯ ಇನಿಂಗ್ಸಿನಲ್ಲಿ ಒಂದು ಔಟ್ ಆಗಿ, ಯಾಂಕೀಸ್ 4-2ರಿಂದ ಮುಂದಿದ್ದಾಗ ಗೊಸೇಜ್ ಅವರ ಕೈಗೆ ಚೆಂಡು ಬಂತು. ಎಂಟನೆಯ ಇನಿಂಗ್ಸಿನಲ್ಲಿ ಯಾಂಕೀಸ್ ಇನ್ನೊಂದು ರನ್ ಸೇರಿಸಿದ ಮೇಲೆ ಅವರು ಎರಡು ರನ್ ಬಿಟ್ಟುಕೊಟ್ಟರು, ಅಂತರ 5-4ಕ್ಕೆ ಇಳಿಯಿತು. ಒಂಬತ್ತರಲ್ಲಿ ಒಂದು ಔಟ್ ಆದ ಮೇಲೆ ರಿಕ್ ಬರ್ಲ್‌ಸನ್ ವಾಕ್ (ಪಿಚರ್ ನಾಲ್ಕು ಎಸೆತ ಗುರಿ ತಪ್ಪಿದಾಗ ಸಿಗುವ ಉಚಿತ ಬೇಸ್) ಪಡೆದು ಬೇಸ್ ಸೇರಿದರು. ಆನಂತರ ಜೆರ್ರಿ ರೆಮಿ ಬಲಬದಿಗೆ ಹೊಡೆದ ಚೆಂಡು ಇಳಿಬಿಸಿಲಿನ ಝಳದಲ್ಲಿ ಫೀಲ್ಡರ್ ಲೂ ಪಿನೆಲ್ಲಾ ಅವರ ಕಣ್ಣಿಗೇ ಬೀಳಲಿಲ್ಲ. ನೆಲಕ್ಕೆ ಬಿದ್ದು ಪುಟಿದ ಅದು ಅಂದಾಜಿನ ಮೇಲೆ ಅವರು ಚಾಚಿದ ಗ್ಲೌಸಿಗೆ ಬಂದು ಸಿಕ್ಕಿತು. ಅದು ಅವರನ್ನು ದಾಟಿ ಹೋಗಿದ್ದರೆ ಪಂದ್ಯದ ಕಥೆಯೇ ಬೇರೆಯಾಗುತ್ತಿತ್ತು. ಜಿಮ್ ರೈಸ್ ಕ್ಯಾಚಿಗೆ ಔಟಾದರೂ ಬರ್ಲ್‌ಸನ್ ಅಷ್ಟರಲ್ಲಿ ಮೂರನೆಯ ಬೇಸ್ ತಲುಪಿದ್ದರು. ಎರಡು ಔಟ್, ಸಮಬಲದ ರನ್ ತೊಂಬತ್ತು ಅಡಿ ದೂರದಲ್ಲಿ, ಎದುರಿಗೆ ಕಾರ್ಲ್ ಯಸ್ಟ್ರೆಮ್‌ಸ್ಕಿ. ಗೊಸೇಜ್ ಎಸೆದದ್ದು ತಮ್ಮ ಎಂದಿನ ಫಾಸ್ಟ್‌ಬಾಲನ್ನೇ. ಚೆಂಡು ಮೇಲಕ್ಕೆ ಎದ್ದು ಮೂರನೆಯ ಬೇಸಿನ ಹತ್ತಿರ ಗ್ರೇಗ್ ನೆಟಲ್ಸ್ ಅವರ ಕೈಗೆ ಇಳಿಯಿತು. ಎಂಟು ಔಟ್‌ಗಳ ಈ ಕೆಲಸಕ್ಕೂ ದಾಖಲೆಯಲ್ಲಿ ಸಿಕ್ಕಿದ್ದು ಒಂದೇ ಸೇವ್.

ಕ್ರಿಕೆಟ್ ಬಲ್ಲ ನಿಮಗೆ ಇದನ್ನು ಹೀಗೆ ಹೇಳಬಹುದು: ಕೊನೆಯ ಓವರಿನಲ್ಲಿ 25 ರನ್ ಕಾಯುವ ಬೌಲರನ್ನೂ ಕೊನೆಯ ನಾಲ್ಕು ಓವರುಗಳಲ್ಲಿ 25 ರನ್ ಕಾಯುವ ಬೌಲರನ್ನೂ ‘ಪಂದ್ಯ ಉಳಿಸಿದವರು’ ಎಂಬ ಒಂದೇ ಪಟ್ಟಿಗೆ ಸೇರಿಸಿ, ಆಮೇಲೆ ಪಟ್ಟಿಯಲ್ಲಿ ಯಾರ ಹೆಸರು ಹೆಚ್ಚು ಬಾರಿ ಬಂದಿದೆ ಎಂದು ಎಣಿಸಿದ ಹಾಗೆ ಇದು.

ಕೆಲಸದ ಸ್ವರೂಪ ಬದಲಾದದ್ದು 1980ರ ದಶಕದ ಕೊನೆಯಲ್ಲಿ. ಓಕ್ಲೆಂಡ್ ತಂಡದ ಮ್ಯಾನೇಜರ್ ಟೋನಿ ಲಾ ರುಸ್ಸಾ, ಹನ್ನೆರಡು ವರ್ಷ ಆರಂಭಿಕ ಪಿಚರ್ ಆಗಿದ್ದ ಡೆನಿಸ್ ಎಕರ್ಸ್ಲಿ ಅವರನ್ನು ಒಂಬತ್ತನೆಯ ಇನಿಂಗ್ಸಿಗೆಂದೇ ಮೀಸಲಿಟ್ಟರು. (ನಾನು ಮೇಲೆ ಹೇಳಿದ 1978ರ ಋತುವಿನಲ್ಲಿ ರೆಡ್ ಸಾಕ್ಸ್ ಪರ 20 ಪಂದ್ಯ ಗೆದ್ದ ಆರಂಭಿಕ ಪಿಚರ್ ಇದೇ ಎಕರ್ಸ್ಲಿ.) ಫಲ ಬೆರಗು ಹುಟ್ಟಿಸುವಂತಿತ್ತು: 1990ರಲ್ಲಿ 73 ಇನಿಂಗ್ಸ್ ಎಸೆದು ಅವರು ಕೊಟ್ಟ ವಾಕ್‌ಗಳು ನಾಲ್ಕೇ ನಾಲ್ಕು, ಇಆರ್‌ಎ, ಅಂದರೆ ಒಂಬತ್ತು ಇನಿಂಗ್ಸಿಗೆ ತಮ್ಮ ಹೊಣೆಯಲ್ಲಿ ಬಿಟ್ಟುಕೊಟ್ಟ ರನ್‌ಗಳ ಸರಾಸರಿ, 0.61. 1992ರಲ್ಲಿ 51 ಸೇವ್‌ಗಳೊಡನೆ ಅವರು ಲೀಗಿನ ಶ್ರೇಷ್ಠ ಪಿಚರ್ ಮತ್ತು ಶ್ರೇಷ್ಠ ಆಟಗಾರ ಎರಡೂ ಪ್ರಶಸ್ತಿಗಳನ್ನು ಪಡೆದರು. ಉಳಿದ ತಂಡಗಳು ಅದೇ ದಾರಿ ಹಿಡಿದವು. ಕ್ಲೋಸರ್, ಅಂದರೆ ಪಂದ್ಯ ಮುಗಿಸುವ ರಿಲೀಫ್ ಪಿಚರ್, ಎಂಬುದು ಒಂದು ಇನಿಂಗ್ಸಿನ ಹುದ್ದೆಯಾಯಿತು. ಇದರ ಜೊತೆಗೆ ಪಂದ್ಯವನ್ನು ಆರಂಭಿಸಿದವರೇ ಮುಗಿಸುವ ರೂಢಿಯೂ ಕರಗುತ್ತ ಬಂತು: 1975ರಲ್ಲಿ ಎರಡೂ ಲೀಗುಗಳು ಸೇರಿ ಅಂಥ ಸಂದರ್ಭಗಳು ಸಾವಿರಕ್ಕೂ ಹೆಚ್ಚು ಇದ್ದವು, 2023ರಲ್ಲಿ ಐವತ್ತೂ ಇರಲಿಲ್ಲ. ಹೀಗೆ ಸೇವ್ ಗಳಿಸುವ ಅವಕಾಶಗಳೇ ಹೆಚ್ಚಿದವು, ಪ್ರತಿ ಅವಕಾಶದ ಶ್ರಮ ಕಡಿಮೆಯಾಯಿತು. 652 ಮತ್ತು 310 ಎಂಬ ಅಂಕಿಗಳ ನಡುವಿನ ಅಂತರದಲ್ಲಿ ಬಹುಪಾಲನ್ನು ಇಷ್ಟರಿಂದಲೇ ವಿವರಿಸಬಹುದು.

ಯಶಸ್ಸಿನ ಪ್ರಮಾಣವನ್ನು ಮುಂದಿಡುವವರೂ ಇದ್ದಾರೆ. ರಿವೆರಾ ತಮಗೆ ಸಿಕ್ಕ ಸೇವ್ ಅವಕಾಶಗಳಲ್ಲಿ ಶೇಕಡಾ 89ನ್ನು, ಹೋಫ್‌ಮನ್ ಬಹುತೇಕ ಅಷ್ಟನ್ನೇ, ಗೊಸೇಜ್ ಶೇಕಡಾ 73ರಷ್ಟನ್ನು ಉಳಿಸಿಕೊಂಡರು. ಗೊಸೇಜ್ ಕಳೆದುಕೊಂಡ ಅವಕಾಶಗಳು 112. ಇಷ್ಟನ್ನೇ ನೋಡಿದರೆ ನಿಮ್ಮ ಸಹೋದ್ಯೋಗಿಯ ವಾದ ಬಿದ್ದುಹೋದಂತೆ ಕಾಣುತ್ತದೆ. ಆದರೆ ಏಳನೆಯ ಇನಿಂಗ್ಸಿನಲ್ಲಿ, ಎರಡು ಬೇಸ್‌ಗಳ ಮೇಲೆ ಎದುರಾಳಿಗಳಿದ್ದಾಗ ಬಂದವರು ಅಲ್ಲಿಂದ ಕೊನೆಯವರೆಗೆ ಯಾವ ಘಟ್ಟದಲ್ಲಿ ಮುನ್ನಡೆ ಕಳೆದರೂ ಅದು ವಿಫಲ ಅವಕಾಶವೇ. ಒಂಬತ್ತರ ಆರಂಭದಲ್ಲಿ ಖಾಲಿ ಬೇಸ್‌ಗಳ ಮುಂದೆ ನಿಂತವರಿಗೆ ಎಡವಲು ಇರುವ ಜಾಗವೇ ಕಡಿಮೆ. ಗೊಸೇಜ್ ಅವರ ಸೇವ್‌ಗಳಲ್ಲಿ ಎರಡು ಇನಿಂಗ್ಸ್ ಅಥವಾ ಹೆಚ್ಚು ಎಸೆದವುಗಳೇ ಒಂದು ಇನಿಂಗ್ಸಿನವುಗಳಿಗಿಂತ ಹೆಚ್ಚು. ಆದ್ದರಿಂದ ಶೇಕಡಾವಾರು ಲೆಕ್ಕವನ್ನೂ ಕಾಲದಿಂದ ಕಾಲಕ್ಕೆ ಹೊತ್ತೊಯ್ಯುವಂತಿಲ್ಲ.

ಹಾಗಾದರೆ ಇಆರ್‌ಎ ಸಾಕೇ? ಅದು ಸೇವ್‌ಗಿಂತ ಎಷ್ಟೋ ಮೇಲು, ಆದರೆ ರಿಲೀಫ್ ಪಿಚರ್‌ಗಳ ಮಟ್ಟಿಗೆ ಅದರಲ್ಲಿ ಎರಡು ಬಿರುಕುಗಳಿವೆ. ಬೇಸ್‌ಗಳೆಲ್ಲ ಭರ್ತಿಯಾಗಿ ಎರಡು ಔಟ್ ಆಗಿರುವಾಗ ಬಂದ ಪಿಚರ್ ಮೊದಲ ಎಸೆತದಲ್ಲೇ ಹೊಡೆಸಿಕೊಂಡು ಮೂರು ರನ್ ಬಿಟ್ಟು, ಮುಂದಿನ ಬ್ಯಾಟರನ್ನು ಔಟ್ ಮಾಡಿದರೆ, ಆ ಮೂರೂ ರನ್‌ಗಳು ಹಿಂದಿನ ಪಿಚರ್ ಲೆಕ್ಕಕ್ಕೆ ಹೋಗುತ್ತವೆ; ಅನಾಹುತ ಮಾಡಿದವರ ಇಆರ್‌ಎ ಕೂದಲೂ ಕೊಂಕದೆ ಉಳಿಯುತ್ತದೆ. ಎರಡನೆಯದು ಕ್ಯಾಚರ್ ಕೈತಪ್ಪಿದ ಎಸೆತಗಳಿಂದ ಬಂದ ರನ್‌ಗಳ ಪ್ರಶ್ನೆ. ಅವು ಪಿಚರ್ ಹೊಣೆಯ ರನ್‌ಗಳೆಂದು ಸೇರುವುದಿಲ್ಲ, ಆದರೆ ಫಲಕದ ಮೇಲಂತೂ ಸೇರುತ್ತವೆ. ವಿಲ್ಹೆಲ್ಮ್ ಅವರಂತಹ ನಕಲ್‌ಬಾಲ್ ಪಿಚರ್‌ಗೆ ಇದು ಸಣ್ಣ ವಿಷಯವಲ್ಲ. ಬೆರಳ ತುದಿಗಳಿಂದ ತಿರುಗದಂತೆ ಬಿಡುವ ಆ ಚೆಂಡು ಗಾಳಿಯಲ್ಲಿ ಎತ್ತ ಓಲಾಡುತ್ತದೆ ಎಂಬುದು ಎಸೆದವರಿಗೂ ಗೊತ್ತಿರುವುದಿಲ್ಲ, ಹಿಡಿಯುವವರಿಗಂತೂ ಇಲ್ಲ. 1960ರಲ್ಲಿ ಬಾಲ್ಟಿಮೋರ್ ಮ್ಯಾನೇಜರ್ ಪಾಲ್ ರಿಚರ್ಡ್ಸ್, ವಿಲ್ಹೆಲ್ಮ್ ಅವರ ಎಸೆತ ಹಿಡಿಯಲೆಂದೇ ತಮ್ಮ ಕ್ಯಾಚರ್‌ಗಳಿಗೆ ಮಾಮೂಲಿಗಿಂತ ದೊಡ್ಡ ಗ್ಲೌಸ್ ಮಾಡಿಸಿಕೊಟ್ಟರು.

ಈ ಬಿರುಕುಗಳನ್ನು ನೆನಪಿನಲ್ಲಿಟ್ಟುಕೊಂಡೇ ನಾನು ಬಳಸುವ ಕ್ರಮ ಹೀಗಿದೆ. ಒಬ್ಬ ಪಿಚರ್‌ರ ಇಆರ್‌ಎಯನ್ನು ಅವರದೇ ಕಾಲದ ಲೀಗಿನ ಸರಾಸರಿಯೊಡನೆ, ಅವರು ಆಡಿದ ಮೈದಾನಗಳ ಗುಣವನ್ನೂ ಸರಿದೂಗಿಸಿ ಹೋಲಿಸಿದಾಗ ಬರುವ ಸೂಚ್ಯಂಕಕ್ಕೆ ಇಆರ್‌ಎ ಪ್ಲಸ್ ಎನ್ನುತ್ತಾರೆ. ಸರಾಸರಿ ಪಿಚರ್‌ಗೆ 100, ಹೆಚ್ಚಾದಷ್ಟೂ ಒಳ್ಳೆಯದು. ರಿವೆರಾ ಅವರದು 205. ಅಂದರೆ ಅವರ ಕಾಲದ ಸರಾಸರಿ ಪಿಚರ್ ನೂರು ರನ್ ಕೊಡುವಲ್ಲಿ ಅವರು ಕೊಟ್ಟದ್ದು ಸುಮಾರು 49. ಸಾವಿರ ಇನಿಂಗ್ಸ್ ದಾಟಿದ ಬೇರಾವ ಪಿಚರ್‌ರೂ ಈ ಅಂಕಿಯ ಹತ್ತಿರ ಸುಳಿದಿಲ್ಲ. ವಿಲ್ಹೆಲ್ಮ್ 147, ಹೋಫ್‌ಮನ್ 141, ಬ್ರೂಸ್ ಸಟರ್ 136, ಗೊಸೇಜ್ 126. ಆದರೆ ಈ ಸೂಚ್ಯಂಕ ಗುಣವನ್ನು ಹೇಳುತ್ತದೆ, ಪ್ರಮಾಣವನ್ನು ಹೇಳುವುದಿಲ್ಲ. ರಿವೆರಾ ಎಸೆದದ್ದು 1283 ಇನಿಂಗ್ಸ್, ವಿಲ್ಹೆಲ್ಮ್ 2254. ಎರಡನ್ನೂ ಗುಣಿಸಿ, ಸರಾಸರಿ ಪಿಚರ್‌ಗೆ ಹೋಲಿಸಿದರೆ ಒಬ್ಬೊಬ್ಬರೂ ವೃತ್ತಿಜೀವನದಲ್ಲಿ ತಡೆದ ರನ್ ಎಷ್ಟು ಎಂದು ಕಾಗದದ ಮೇಲೆ ಸ್ಥೂಲವಾಗಿ ಹಾಕಿದರೆ, ರಿವೆರಾ ಅವರಿಗೆ ಸುಮಾರು 330, ವಿಲ್ಹೆಲ್ಮ್ ಅವರಿಗೆ 295, ಬಿಲ್ಲಿ ವ್ಯಾಗ್ನರ್ ಅವರಿಗೆ 200, ಗೊಸೇಜ್ ಅವರಿಗೆ 155, ಹೋಫ್‌ಮನ್ ಅವರಿಗೆ 145ರ ಆಸುಪಾಸು ಬರುತ್ತದೆ. ನೀವೂ ಹಾಕಿ ನೋಡಬಹುದು, ಗುಣಿಸಿ ಭಾಗಿಸುವುದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.

ಈ ಪಟ್ಟಿಯಲ್ಲಿ ನನ್ನನ್ನು ಪ್ರತಿ ಬಾರಿಯೂ ತಡೆದು ನಿಲ್ಲಿಸುವ ಹೆಸರು ವಿಲ್ಹೆಲ್ಮ್ ಅವರದು. ಎರಡನೆಯ ಮಹಾಯುದ್ಧದಲ್ಲಿ ಬಲ್ಜ್ ಕದನದಲ್ಲಿ ಗಾಯಗೊಂಡು ಮರಳಿದ ಅವರು ದೊಡ್ಡ ಲೀಗಿಗೆ ಕಾಲಿಟ್ಟದ್ದು 1952ರಲ್ಲಿ, ಮೂವತ್ತಕ್ಕೆ ಕೆಲವೇ ತಿಂಗಳು ಬಾಕಿಯಿದ್ದಾಗ; ಬಿಟ್ಟದ್ದು 1972ರಲ್ಲಿ, ಐವತ್ತಕ್ಕೆ ಕೆಲವೇ ದಿನ ಬಾಕಿಯಿದ್ದಾಗ. ಮೊದಲ ವರ್ಷ ಒಂದೂ ಪಂದ್ಯ ಆರಂಭಿಸದೆ, 71 ಪಂದ್ಯಗಳಲ್ಲಿ 159 ಇನಿಂಗ್ಸ್ ಎಸೆದು ನ್ಯಾಷನಲ್ ಲೀಗಿನಲ್ಲೇ ಅತಿ ಕಡಿಮೆ ಇಆರ್‌ಎ ಪಡೆದರು. ಅದೇ ವರ್ಷ, ಬ್ಯಾಟ್ ಹಿಡಿದ ಮೊದಲ ಸಲವೇ ಹೋಂ ರನ್ (ಕ್ರಿಕೆಟ್ಟಿನ ಸಿಕ್ಸರಿನಂಥ ಹೊಡೆತ) ಹೊಡೆದರು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಇನ್ನೊಂದು ಹೊಡೆಯಲಿಲ್ಲ. 1959ರಲ್ಲಿ ಆರಂಭಿಕ ಪಿಚರ್ ಆಗಿ ಅಮೆರಿಕನ್ ಲೀಗಿನಲ್ಲೂ ಇಆರ್‌ಎಯ ಮೊದಲ ಸ್ಥಾನ ಪಡೆದರು. ಅವರ 228 ಸೇವ್‌ಗಳಲ್ಲಿ ಹೆಚ್ಚಿನವು ಆ ಲೆಕ್ಕ ಅಧಿಕೃತವಾಗುವ ಮುನ್ನ ಆಡಿದ ಪಂದ್ಯಗಳಿಂದ ಆಮೇಲೆ ಎಣಿಸಿ ತೆಗೆದವು. 1985ರಲ್ಲಿ ಹಾಲ್ ಆಫ್ ಫೇಮ್ ಸೇರಿದ ಮೊದಲ ರಿಲೀಫ್ ಪಿಚರ್ ಅವರೇ. ಆದರೂ ಅವರ 295 ರನ್‌ಗಳನ್ನು ಇದ್ದ ಹಾಗೇ ಒಪ್ಪಲಾಗದು: ಅದರಲ್ಲಿ 52 ಪಂದ್ಯಗಳನ್ನು ಆರಂಭಿಸಿ ಎಸೆದ ಇನಿಂಗ್ಸ್‌ಗಳೂ ಸೇರಿವೆ, ಕ್ಯಾಚರ್ ಕೈತಪ್ಪಿ ಹೋದ ಚೆಂಡುಗಳ ರನ್‌ಗಳು ಸೇರಿಲ್ಲ.

ರಿವೆರಾ ಅವರ ಅಂಕಿಯನ್ನೂ ಅಷ್ಟೇ ನಿಷ್ಠುರವಾಗಿ ಪರೀಕ್ಷಿಸಬೇಕು. ಒಂದೇ ಇನಿಂಗ್ಸ್ ಎಂದು ಗೊತ್ತಿರುವವರು ಪ್ರತಿ ಎಸೆತಕ್ಕೂ ಮೈಯ ಕಸುವನ್ನೆಲ್ಲ ಹಾಕಬಲ್ಲರು. ಒಬ್ಬ ಬ್ಯಾಟರ್ ಅವರನ್ನು ಒಂದೇ ಪಂದ್ಯದಲ್ಲಿ ಎರಡನೆಯ ಬಾರಿ ಎದುರಿಸುವುದೇ ಇಲ್ಲ. ಆದ್ದರಿಂದ ಒಳ್ಳೆಯ ಕ್ಲೋಸರ್ ಲೀಗಿನ ಸರಾಸರಿಗಿಂತ ಉತ್ತಮವಾಗಿರುವುದು ನಿರೀಕ್ಷಿತವೇ. ನಿಮ್ಮ ಸಹೋದ್ಯೋಗಿಯ ಆಕ್ಷೇಪ ಹರಿತವಾಗುವುದು ಇಲ್ಲಿ. ಅದಕ್ಕೆ ಉತ್ತರ ಪ್ಲೇಆಫ್ ಪಂದ್ಯಗಳಲ್ಲಿ ಸಿಗುತ್ತದೆ. ಅಲ್ಲಿ ರಿವೆರಾ 96 ಪಂದ್ಯಗಳಲ್ಲಿ 141 ಇನಿಂಗ್ಸ್ ಎಸೆದಿದ್ದಾರೆ, ಅಂದರೆ ಪಂದ್ಯಕ್ಕೆ ಸರಾಸರಿ ಒಂದೂವರೆ ಇನಿಂಗ್ಸ್. ಎಂಟನೆಯ ಇನಿಂಗ್ಸಿನಲ್ಲೇ ಬಂದು, ಗೊಸೇಜ್ ಕಾಲದವರ ಹಾಗೆ ಕೊನೆಯವರೆಗೂ ಎಸೆದ ಸಂದರ್ಭಗಳು ಹಲವು. ಎದುರಿಗಿದ್ದವು ಆಯಾ ವರ್ಷದ ಅತ್ಯುತ್ತಮ ತಂಡಗಳು. ಆ 141 ಇನಿಂಗ್ಸ್‌ಗಳಲ್ಲಿ ಅವರ ಹೊಣೆಯಲ್ಲಿ ಬಂದ ರನ್‌ಗಳು 11, ಹೋಂ ರನ್‌ಗಳು 2, ಇಆರ್‌ಎ 0.70. ಕೆಲಸ ಕಠಿಣವಾದಾಗ ಅವರ ಅಂಕಿ ಕೆಡಬೇಕಿತ್ತು, ಇನ್ನಷ್ಟು ಉತ್ತಮವಾಯಿತು. 2001ರ ವರ್ಲ್ಡ್ ಸೀರೀಸ್‌ನ ಏಳನೆಯ ಪಂದ್ಯವನ್ನು ಅರಿಜೋನಾ ಎದುರು ಒಂಬತ್ತನೆಯ ಇನಿಂಗ್ಸಿನಲ್ಲಿ ಕಳೆದದ್ದನ್ನೂ ಸೇರಿಸಿಯೇ ಈ ಲೆಕ್ಕ.

ಅವರ ವೃತ್ತಿಯ ಅತ್ಯಂತ ದೊಡ್ಡ ರಾತ್ರಿಗೆ ಸೇವ್ ಸಿಗಲಿಲ್ಲ ಎಂಬುದನ್ನು ನಿಮ್ಮ ಮಗನಿಗೆ ಹೇಳಿ. 2003ರ ಅಕ್ಟೋಬರಿನಲ್ಲಿ ಅಮೆರಿಕನ್ ಲೀಗ್ ಪಟ್ಟಕ್ಕಾಗಿ ರೆಡ್ ಸಾಕ್ಸ್ ಎದುರು ನಡೆದ ಸರಣಿಯ ಏಳನೆಯ ಪಂದ್ಯ 5-5ರಲ್ಲಿ ನಿಂತಿದ್ದಾಗ ರಿವೆರಾ ಒಂಬತ್ತು, ಹತ್ತು, ಹನ್ನೊಂದು ಹೀಗೆ ಮೂರು ಇನಿಂಗ್ಸ್‌ಗಳನ್ನು ರನ್ ಕೊಡದೆ ಎಸೆದರು. ಹನ್ನೊಂದರಲ್ಲಿ ಯಾಂಕೀಸ್ ಬ್ಯಾಟಿಂಗ್ ಸರದಿ ಬಂದಾಗ ಆರನ್ ಬೂನ್, ಇನ್ನೊಬ್ಬ ನಕಲ್‌ಬಾಲ್ ಪಿಚರ್ ಟಿಮ್ ವೇಕ್‌ಫೀಲ್ಡ್ ಅವರ ಮೊದಲ ಎಸೆತವನ್ನೇ ಹೋಂ ರನ್ ಮಾಡಿದಾಗ ತಂಡವೆಲ್ಲ ಬೂನ್ ಅವರತ್ತ ಓಡಿತು. ರಿವೆರಾ ಮಾತ್ರ ಎದುರು ದಿಕ್ಕಿಗೆ, ತಾವು ಎಸೆದ ಮೌಂಡ್‌ನತ್ತ ಓಡಿ ಅಲ್ಲಿ ನೆಲಕ್ಕೆ ಮುಖ ಹಚ್ಚಿ ಬಿದ್ದುಕೊಂಡರು. ಪಂದ್ಯ ಸಮನಾಗಿದ್ದಾಗ ಬಂದದ್ದರಿಂದ ನಿಯಮದ ಪ್ರಕಾರ ಅದು ಸೇವ್ ಅಲ್ಲ.

ನಿಯಮವೇ ಮ್ಯಾನೇಜರ್‌ಗಳ ಬುದ್ಧಿಯನ್ನು ಕಟ್ಟಿಹಾಕಿದ್ದಕ್ಕೆ ಬಾಲ್ಟಿಮೋರಿನ ಜ್ಯಾಕ್ ಬ್ರಿಟನ್ ಉದಾಹರಣೆ. 2016ರಲ್ಲಿ ಸಿಕ್ಕ 47 ಸೇವ್ ಅವಕಾಶಗಳಲ್ಲಿ 47ನ್ನೂ ಉಳಿಸಿ 0.54 ಇಆರ್‌ಎ ಪಡೆದ ಅವರನ್ನು, ಸೋತರೆ ಮನೆಗೆ ಎಂಬ ಟೊರಾಂಟೊ ಪಂದ್ಯದಲ್ಲಿ, ಮುನ್ನಡೆ ಸಿಕ್ಕಾಗ ಬಳಸೋಣವೆಂದು ಮ್ಯಾನೇಜರ್ ಬುಲ್‌ಪೆನ್ನಿನಲ್ಲೇ (ರಿಲೀಫ್ ಪಿಚರ್‌ಗಳು ಕಾಯುವ ಜಾಗ) ಕೂರಿಸಿದರು. ಮುನ್ನಡೆ ಬರಲೇ ಇಲ್ಲ. ಹನ್ನೊಂದನೆಯ ಇನಿಂಗ್ಸಿನಲ್ಲಿ ಬೇರೊಬ್ಬ ಪಿಚರ್‌ರ ಎಸೆತಕ್ಕೆ ಎಡ್ವಿನ್ ಎನ್ಕಾರ್ನಾಸಿಯೋನ್ ಹೋಂ ರನ್ ಹೊಡೆದು ಮುಗಿಸಿದಾಗ, ಆ ವರ್ಷದ ಅತ್ಯುತ್ತಮ ರಿಲೀಫ್ ಪಿಚರ್ ಒಂದು ಚೆಂಡನ್ನೂ ಎಸೆದಿರಲಿಲ್ಲ. 1974ರಲ್ಲಿ ಲಾಸ್ ಏಂಜಲಿಸ್‌ನ ಮೈಕ್ ಮಾರ್ಷಲ್ ಒಂದೇ ಋತುವಿನಲ್ಲಿ 106 ಪಂದ್ಯಗಳಲ್ಲಿ 208 ಇನಿಂಗ್ಸ್ ಎಸೆದಿದ್ದರು ಎಂಬುದನ್ನು ಇದರ ಜೊತೆಗಿಟ್ಟರೆ ಎರಡೂ ಒಂದೇ ಆಟವೇ ಎಂಬ ಅನುಮಾನ ಬರುತ್ತದೆ.

ಸ್ಟ್ರೈಕ್‌ಔಟ್‌ಗಳನ್ನು, ಅಂದರೆ ಬ್ಯಾಟರ್ ಚೆಂಡನ್ನು ಹೊಡೆಯಲಾಗದೆ ಔಟಾಗುವುದನ್ನು, ಹಿಡಿದು ಹೋಲಿಸುವವರಿಗೆ ಒಂದು ಎಚ್ಚರಿಕೆಯ ಮಾತು. 1980ರಲ್ಲಿ ಒಂದು ತಂಡ ಪಂದ್ಯವೊಂದರಲ್ಲಿ ಸರಾಸರಿ ಐದಕ್ಕೂ ಕಡಿಮೆ ಸ್ಟ್ರೈಕ್‌ಔಟ್ ಆಗುತ್ತಿತ್ತು. 2019ರ ಹೊತ್ತಿಗೆ ಅದು ಒಂಬತ್ತರ ಸಮೀಪ ಬಂದಿತ್ತು. ವ್ಯಾಗ್ನರ್ 903 ಇನಿಂಗ್ಸ್‌ಗಳಲ್ಲಿ 1196 ಸ್ಟ್ರೈಕ್‌ಔಟ್ ಮಾಡಿದರೆ, ತೋಳನ್ನು ಸೊಂಟದ ಕೆಳಗಿಂದ ಬೀಸಿ ಎಸೆಯುತ್ತಿದ್ದ ಕ್ಯಾನ್ಸಸ್ ಸಿಟಿಯ ಡ್ಯಾನ್ ಕ್ವಿಸೆನ್‌ಬೆರಿ 1043 ಇನಿಂಗ್ಸ್‌ಗಳಲ್ಲಿ ಮಾಡಿದ್ದು 379 ಮಾತ್ರ. ಆದರೂ ಕ್ವಿಸೆನ್‌ಬೆರಿ ಅವರ ಇಆರ್‌ಎ ಪ್ಲಸ್ 146, ಹೋಫ್‌ಮನ್ ಅವರದಕ್ಕಿಂತ ಮೇಲೆ. ಬ್ಯಾಟಿಗೆ ಚೆಂಡು ತಾಗಲಿ, ಆದರೆ ನೆಲಕ್ಕೇ ಬಡಿಯಲಿ ಎಂಬುದು ಅವರ ವಿದ್ಯೆ, 1983ರಲ್ಲಿ 139 ಇನಿಂಗ್ಸ್ ಎಸೆದು ಅವರು ಕೊಟ್ಟ ವಾಕ್‌ಗಳು 11. ಇಂಥವರನ್ನು ಮರೆಸುವ ಅಳತೆಗೋಲನ್ನು ನಾನು ನಂಬುವುದಿಲ್ಲ.

ನನ್ನ ಕ್ರಮಾಂಕ ಕೇಳಿದರೆ, ರಿವೆರಾ ಮೊದಲು, ಸ್ವಲ್ಪ ಹಿಂದೆ ವಿಲ್ಹೆಲ್ಮ್. ಮೂರನೆಯ ಸ್ಥಾನಕ್ಕೆ ವ್ಯಾಗ್ನರ್ ಮತ್ತು ಗೊಸೇಜ್ ನಡುವೆ ನಾನು ಇಂದಿಗೂ ತೂಗುತ್ತಿದ್ದೇನೆ: ಇನಿಂಗ್ಸಿಗೆ ತಡೆದ ರನ್‌ಗಳ ಲೆಕ್ಕದಲ್ಲಿ ವ್ಯಾಗ್ನರ್ ಬಹಳ ಮುಂದಿದ್ದಾರೆ, ಆದರೆ ಅವರು ಎಸೆದದ್ದು ಗೊಸೇಜ್ ಎಸೆದದ್ದರ ಅರ್ಧ ಮಾತ್ರ, ಪ್ಲೇಆಫ್‌ಗಳಲ್ಲಿ ಎಸೆದ ಹನ್ನೆರಡಕ್ಕೂ ಕಡಿಮೆ ಇನಿಂಗ್ಸ್‌ಗಳಲ್ಲಿ ಅವರ ಇಆರ್‌ಎ 10 ದಾಟಿದೆ. ಗೊಸೇಜ್ ಅವರ 155 ರನ್‌ಗಳಾದರೋ, 1976ರಲ್ಲಿ ಷಿಕಾಗೊ ತಂಡ ಅವರನ್ನು ಆರಂಭಿಕ ಪಿಚರ್ ಮಾಡಿ ಹಾಳುಮಾಡಿದ ವರ್ಷವನ್ನೂ, 1994ರವರೆಗೆ ನಲವತ್ತು ದಾಟಿದ ಮೇಲೂ ಎಸೆದ ವರ್ಷಗಳನ್ನೂ ಹೊತ್ತುಕೊಂಡು ನಿಂತಿರುವಂಥವು. ಹಿಂದಿನ ಪಿಚರ್‌ಗಳು ಬೇಸ್‌ಗಳ ಮೇಲೆ ಬಿಟ್ಟುಹೋದ ಎದುರಾಳಿಗಳಿದ್ದಾಗ ಬಂದು ಅವರು ತಡೆದ ರನ್‌ಗಳು ಅದರಲ್ಲಿ ಸೇರಿಯೇ ಇಲ್ಲ. ಆದ್ದರಿಂದ ರಿವೆರಾ ಎದುರು ನಿಮ್ಮ ಸಹೋದ್ಯೋಗಿ ಸೋತರೂ, ಪಂದ್ಯವನ್ನು ಹೋಫ್‌ಮನ್ ಅವರ ವಿರುದ್ಧ ಇಟ್ಟಿದ್ದರೆ ಅವರೇ ಗೆಲ್ಲುತ್ತಿದ್ದರು: 601 ಸೇವ್‌ಗಳ ಹೋಫ್‌ಮನ್‌ಗಿಂತ 310 ಸೇವ್‌ಗಳ ಗೊಸೇಜ್ ತಮ್ಮ ತಂಡಗಳಿಗೆ ಹೆಚ್ಚಿನದನ್ನೇ ಮಾಡಿಕೊಟ್ಟಿದ್ದಾರೆ.